ಪಿ.ಟಿ. ಮಿಸ್ ಹತ್ತಿರ ಕೇಳಿ: ಮೈದಾನಕ್ಕೆ ಬಂದ ಮೊಬೈಲ್

ಈ ತಿಂಗಳು ಬಂದ ಪತ್ರಗಳಲ್ಲಿ ಮೊಬೈಲಿನದ್ದೇ ಕಾರುಬಾರು. ವಿಡಿಯೋ ಮಾಡಿ ಆಟ ಕಲಿಸೋದು ಹೇಗೆ, ವಿಡಿಯೋ ನೋಡಿ ಕಲಿಯಬಹುದಾ, ಯಾವ ಆ್ಯಪ್ ಒಳ್ಳೆಯದು. ಹಾಗಾಗಿ ಮಂಡಿ ನೋವು, ಆಹಾರದ ಪ್ರಶ್ನೆಗಳನ್ನೆಲ್ಲ ಪಕ್ಕಕ್ಕಿಟ್ಟು ಈ ಸಲ ಇದೊಂದನ್ನೇ ಹಿಡಿದಿದ್ದೇನೆ.

ನಮ್ಮದು ಸರ್ಕಾರಿ ಪ್ರೌಢಶಾಲೆ. ಒಂದು ತರಗತಿಯಲ್ಲಿ ಅರವತ್ತು ಮಕ್ಕಳು. ನನ್ನ ಹತ್ತಿರ ಇರೋದು ಒಂದೇ ಮೊಬೈಲ್. ಮಕ್ಕಳ ಲಾಂಗ್ ಜಂಪ್ ವಿಡಿಯೋ ಮಾಡಿ ಮಾರನೇ ದಿನ ಸ್ಮಾರ್ಟ್ ಕ್ಲಾಸಿನಲ್ಲಿ ದೊಡ್ಡ ಪರದೆ ಮೇಲೆ ತೋರಿಸಿದೆ. ನಕ್ಕರು, ಖುಷಿಪಟ್ಟರು. ಆಮೇಲೆ ಮೈದಾನಕ್ಕೆ ಹೋಗಿ ಮೊದಲಿನ ಹಾಗೇ ಜಿಗಿದರು. ಹೀಗೇಕೆ?
— ದೈಹಿಕ ಶಿಕ್ಷಕರು, ಹಾನಗಲ್ ತಾಲ್ಲೂಕು

ಮೇಷ್ಟ್ರೇ, ಮಾರನೇ ದಿನ ತೋರಿಸಿದಿರಲ್ಲ, ತೊಂದರೆ ಅಲ್ಲೇ ಶುರುವಾಯಿತು. ಜಿಗಿದು ಮರಳು ಕೊಡವಿಕೊಂಡು ಎದ್ದ ಮಗುವಿಗೆ ಆ ಜಿಗಿತ ಇನ್ನೂ ಮೈಯಲ್ಲಿ ಇರುತ್ತೆ. ಕಾಲು ಎಲ್ಲಿ ಬಿತ್ತು, ಎಲ್ಲಿ ತಡವರಿಸಿತು ಅನ್ನೋದು ಅದಕ್ಕೆ ಗೊತ್ತಿರುತ್ತೆ. ಆಗ ತೋರಿಸಿದರೆ ಕಣ್ಣಿಗೆ ಕಂಡಿದ್ದೂ ಮೈಗೆ ಅನಿಸಿದ್ದೂ ಒಂದಕ್ಕೊಂದು ತಾಳೆಯಾಗುತ್ತವೆ. ಒಂದು ರಾತ್ರಿ ಕಳೆದರೆ ಅದು ಬರೀ ಸಿನಿಮಾ. ನೋಡಿದ ತಕ್ಷಣ ಇನ್ನೊಮ್ಮೆ ಜಿಗಿಯೋಕೆ ಅವಕಾಶವೂ ಇರಬೇಕು. ಕೂತ ಬೆಂಚಿನಿಂದ ಜಿಗಿಯೋದು ಹೇಗೆ ಹೇಳಿ.

ಎರಡನೆಯದು, ಏನು ನೋಡಬೇಕು ಅಂತ ಹೇಳಿಕೊಟ್ಟಿದ್ರಾ? ಸುಮ್ನೆ ವಿಡಿಯೋ ಹಾಕಿದರೆ ಮಕ್ಕಳು ನೋಡೋದು ತಮ್ಮ ಮುಖ, ಕೂದಲು, ಹಿಂದೆ ನಿಂತು ಕುಣಿಯುತ್ತಿದ್ದ ಗೆಳೆಯ. ಇದು ಹೊಸ ವಿಷಯವೇನಲ್ಲ. ವಿಡಿಯೋ ಟೇಪಿನ ಕಾಲದಲ್ಲೇ, 1976ರಲ್ಲಿ, ರಾಥ್‌ಸ್ಟೈನ್ ಮತ್ತು ಅರ್ನಾಲ್ಡ್ ಎಂಬ ಸಂಶೋಧಕರು ಅಲ್ಲಿಯವರೆಗಿನ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದ್ದರು. ಹೊಸದಾಗಿ ಕಲಿಯುವವರಿಗೆ ಬರೀ ಟೇಪ್ ತೋರಿಸಿದರೆ ಅಷ್ಟೇನೂ ಲಾಭವಿಲ್ಲ, "ಇಲ್ಲಿ ನೋಡು" ಅಂತ ಯಾರಾದರೂ ಬೆರಳಿಟ್ಟು ತೋರಿಸಬೇಕು ಅನ್ನೋದೇ ಆಗ ಕಂಡದ್ದು. ಪಳಗಿದ ಆಟಗಾರ ತಾನೇ ಕಂಡುಕೊಳ್ಳುತ್ತಾನೆ. ಎಂಟನೇ ತರಗತಿ ಹುಡುಗನಿಗೆ ಅದು ಆಗಲ್ಲ.

ನಾನು ಸರ್ವೀಸಿನಲ್ಲಿದ್ದಾಗ ಒಬ್ಬ ಹುಡುಗಿ ಇದ್ದಳು. ಓಟ ಚೆನ್ನಾಗಿತ್ತು. ಆದರೆ ಬೋರ್ಡ್, ಅಂದರೆ ಜಿಗಿಯೋಕೆ ಕಾಲೂರುವ ಹಲಗೆ, ಹತ್ತಿರ ಬರುತ್ತಿದ್ದ ಹಾಗೆ ಸಣ್ಣ ಸಣ್ಣ ಹೆಜ್ಜೆ ಹಾಕಿ, ಇದ್ದ ವೇಗವನ್ನೆಲ್ಲ ಅಲ್ಲೇ ಕಳೆದುಕೊಳ್ಳುತ್ತಿದ್ದಳು. "ಹೆಜ್ಜೆ ಚಿಕ್ಕದು ಮಾಡಬೇಡ" ಅಂತ ಕೂಗಿ ಕೂಗಿ ನನ್ನ ಗಂಟಲು ಹೋಗಿತ್ತು. ಅವಳಿಗೆ ತಾನು ಹಾಗೆ ಮಾಡ್ತಿದ್ದೀನಿ ಅನ್ನೋ ನಂಬಿಕೆಯೇ ಇರಲಿಲ್ಲ. ಒಂದು ದಿನ ಪಕ್ಕದಿಂದ ವಿಡಿಯೋ ಮಾಡಿ, ಬೋರ್ಡಿಗೆ ಎರಡು ಹೆಜ್ಜೆ ಇರುವಾಗ ನಿಲ್ಲಿಸಿ ಕೇಳಿದೆ: "ನಿನ್ನ ಗದ್ದ ಎಲ್ಲಿದೆ ನೋಡು." ನೋಡಿದಳು. "ಅಯ್ಯೋ ಮಿಸ್, ಬಗ್ಗಿ ಬೋರ್ಡ್ ಹುಡುಕ್ತಿದೀನಿ!" ಅಂದಳು. ಅಷ್ಟೇ. ಹೆಜ್ಜೆಯ ಮಾತು ನಾನು ಎತ್ತಲೇ ಇಲ್ಲ. ಪಿಟ್ಟಿನ ಆಚೆ ಕಡೆ ಬೇಲಿಗೆ ಒಂದು ಕೆಂಪು ರಿಬ್ಬನ್ ಕಟ್ಟಿ, ಓಡುವಾಗ ಅದನ್ನೇ ನೋಡು ಅಂದೆ. ತಲೆ ಎದ್ದಿತು, ಹೆಜ್ಜೆ ತಾನಾಗಿ ಬಿಚ್ಚಿಕೊಂಡಿತು. ರನ್ನಪ್, ಅಂದರೆ ಓಟ ಶುರು ಮಾಡೋ ಜಾಗ, ಒಂದಷ್ಟು ಹಿಂದಕ್ಕೆ ಸರಿಸಬೇಕಾಯಿತು, ಅದು ಬೇರೆ.

ಆ ರಿಬ್ಬನ್ನಿನಲ್ಲಿ ಒಂದು ಗುಟ್ಟಿದೆ. ಮೈಯ ಭಾಗದ ಮೇಲೆ ಗಮನ ಇಡು ಅನ್ನೋದಕ್ಕಿಂತ ಮೈಯಿಂದ ಹೊರಗಿನ ಗುರಿಯ ಮೇಲೆ ಇಡು ಅಂದರೆ ಕಲಿಕೆ ಚೆನ್ನಾಗಿ ಆಗುತ್ತೆ. ಗೇಬ್ರಿಯೆಲ್ ವುಲ್ಫ್ ಎಂಬ ಸಂಶೋಧಕಿ 1998ರಲ್ಲಿ ಸ್ಕೀಯಿಂಗ್ ಅಭ್ಯಾಸದ ಯಂತ್ರದ ಮೇಲೆ ಜನರನ್ನು ನಿಲ್ಲಿಸಿ ಇದನ್ನು ನೋಡಿದರು. ತಮ್ಮ ಪಾದದ ಕಡೆ ಗಮನ ಕೊಟ್ಟವರಿಗಿಂತ, ಕಾಲಡಿಯ ಹಲಗೆಯ ಚಕ್ರಗಳ ಕಡೆ ಗಮನ ಕೊಟ್ಟವರು ಚೆನ್ನಾಗಿ ಕಲಿತರು. ವಿಡಿಯೋದ ಅಪಾಯವೂ ಇಲ್ಲೇ ಇದೆ. ಅದು ಮಗುವಿನ ಗಮನವನ್ನು ಪೂರ್ತಿ ಕೈಕಾಲಿನ ಮೇಲೆ ಎಳೆದು ಹಾಕುತ್ತೆ. ತಪ್ಪನ್ನು ವಿಡಿಯೋದಲ್ಲಿ ತೋರಿಸಿ. ಆದರೆ ಮತ್ತೆ ಓಡೋಕೆ ಕಳಿಸುವಾಗ ಹೊರಗಿನ ಒಂದು ಗುರಿ ಕೊಟ್ಟು ಕಳಿಸಿ.

ಈಗ ನಿಮ್ಮ ಅರವತ್ತು ಮಕ್ಕಳ ಲೆಕ್ಕ. ಎಲ್ಲರನ್ನೂ ಒಂದೇ ದಿನ ಚಿತ್ರಿಸೋಕೆ ಹೋಗಬೇಡಿ. ಗುಂಪು ಮಾಡಿ. ಒಂದು ಗುಂಪು ಪಿಟ್ಟಿನ ಹತ್ತಿರ, ಉಳಿದವರು ಸ್ಕಿಪ್ಪಿಂಗ್, ಥ್ರೋಬಾಲ್, ಏನಾದರೂ ಮಾಡ್ತಿರಲಿ. ಮೊಬೈಲನ್ನು ಒಬ್ಬ ವಿದ್ಯಾರ್ಥಿಯ ಕೈಗೆ ಕೊಡಿ. ಕೈಗೆ ಬ್ಯಾಂಡೇಜ್ ಹಾಕಿಕೊಂಡು ಮರದ ಕೆಳಗೆ ಬೇಜಾರಾಗಿ ಕೂತಿರುವ ಹುಡುಗ ಎಲ್ಲ ಶಾಲೆಯಲ್ಲೂ ಒಬ್ಬ ಇರ್ತಾನೆ, ಅವನಿಗೇ ಕೊಡಿ. ಅವನು ಬೋರ್ಡಿಗೆ ನೇರ ಪಕ್ಕದಲ್ಲಿ, ಎಂಟು ಹತ್ತು ಮೀಟರ್ ದೂರ ನಿಲ್ಲಲಿ. ಮೊಬೈಲ್ ಜಿಗಿಯುವವರ ಸೊಂಟದ ಎತ್ತರಕ್ಕಿರಲಿ, ಅಡ್ಡ ಹಿಡಿಯಲಿ. ಓಡಿ ಬರುವವರ ಜೊತೆ ಮೊಬೈಲನ್ನು ತಿರುಗಿಸಬಾರದು. ಕೊನೆಯ ಮೂರ್ನಾಲ್ಕು ಹೆಜ್ಜೆ ಮತ್ತು ಜಿಗಿತ ಚೌಕಟ್ಟಿನೊಳಗೆ ಬಂದರೆ ಸಾಕು. ಓರೆಯಾಗಿ ನಿಂತು ತೆಗೆದ ವಿಡಿಯೋದಲ್ಲಿ ಮೈ ಎಷ್ಟು ಬಾಗಿದೆ ಅನ್ನೋದು ಸರಿಯಾಗಿ ಕಾಣಲ್ಲ.

ಪ್ರತಿ ಜಿಗಿತವನ್ನೂ ತೋರಿಸಬೇಡಿ. ಮೂರ್ನಾಲ್ಕು ಸಲ ಜಿಗಿಯಲಿ, ಒಂದನ್ನು ನೋಡಲಿ. ನೋಡೋ ಮೊದಲು "ಹೇಗಿತ್ತು?" ಅಂತ ಬಾಯಿಬಿಟ್ಟು ಹೇಳಿಸಿ. ಪ್ರತಿ ಸಲ ತೋರಿಸಿದರೆ ಆ ಹೊತ್ತಿಗೆ ಚೆನ್ನಾಗಿ ಜಿಗೀತಾರೆ. ಆದರೆ ತಾಲ್ಲೂಕು ಮಟ್ಟದ ಕ್ರೀಡಾಕೂಟದಲ್ಲಿ ಮೊಬೈಲ್ ಇಲ್ಲದಾಗ ಕೈಚೆಲ್ಲುತ್ತಾರೆ. ತನ್ನ ಮೈಯನ್ನು ತಾನೇ ಗಮನಿಸೋ ಅಭ್ಯಾಸ ಬೆಳೆದೇ ಇರೋದಿಲ್ಲ. ಯಾವ ಜಿಗಿತ ನೋಡಬೇಕು ಅನ್ನೋದನ್ನು ಮಗುವೇ ಆರಿಸಿಕೊಂಡರೆ ಇನ್ನೂ ಒಳ್ಳೆಯದು.

ದೊಡ್ಡ ಪರದೆ ಬೇಡವೇ ಬೇಡ ಅಂತಲ್ಲ. ಹೊಸ ಆಟದ ನಿಯಮ, ಕಬಡ್ಡಿಯಲ್ಲಿ ಏಳು ಜನ ಹೇಗೆ ಒಟ್ಟಿಗೆ ಸರಿಯುತ್ತಾರೆ, ಇಂಥದ್ದಕ್ಕೆ ಅದೇ ಸರಿ.

ನಾವು ಊರಿನ ಹುಡುಗರು ಸೇರಿ ವಾಲಿಬಾಲ್ ತಂಡ ಕಟ್ಟಿದ್ದೇವೆ. ಹೊನಲು ಬೆಳಕಿನ ಪಂದ್ಯಾವಳಿಗಳಲ್ಲಿ ಆಡುತ್ತೇವೆ. ಸ್ಪೈಕ್ ಹೊಡೆಯೋದನ್ನು ವಿಡಿಯೋ ಮಾಡಿದರೆ ಕೈ, ಚೆಂಡು ಎರಡೂ ಮಸುಕು. ಸ್ಲೋ ಮೋಷನ್ ಹಾಕಿದರೆ ಕತ್ತಲೆ, ಜೊತೆಗೆ ಪಟ್ಟೆ ಪಟ್ಟೆ. ಹೊಸ ಮೊಬೈಲೇ ತಗೋಬೇಕಾ?
— ಮಂಡ್ಯ ಜಿಲ್ಲೆಯ ಓದುಗ

ಬೇಡ ಕಣಪ್ಪಾ, ಆ ದುಡ್ಡಲ್ಲಿ ಒಂದು ಒಳ್ಳೆಯ ನೆಟ್ ತಗೊಳ್ಳಿ.

ಸಾಮಾನ್ಯ ವಿಡಿಯೋ ಅಂದರೆ ಸೆಕೆಂಡಿಗೆ 30 ಚಿತ್ರ. ನೀವು ಹೊಡೆದ ಚೆಂಡು ಸೆಕೆಂಡಿಗೆ 20 ಮೀಟರ್ ವೇಗದಲ್ಲಿ ಹೋಯಿತು ಅಂತಿಟ್ಟುಕೊಳ್ಳಿ. ಒಂದು ಚಿತ್ರಕ್ಕೂ ಮುಂದಿನ ಚಿತ್ರಕ್ಕೂ ನಡುವೆ ಅದು ಸುಮಾರು 67 ಸೆಂಟಿಮೀಟರ್ ದಾಟಿರುತ್ತೆ. ಕೈ ಚೆಂಡಿಗೆ ತಾಗಿದ ಕ್ಷಣ ಆ ಎರಡು ಚಿತ್ರಗಳ ನಡುವೆ ಎಲ್ಲೋ ಕಳೆದುಹೋಗಿರುತ್ತೆ. 240ಕ್ಕೆ ಇಟ್ಟರೆ ಆ ಅಂತರ ಸುಮಾರು 8 ಸೆಂಟಿಮೀಟರಿಗೆ ಇಳಿಯುತ್ತೆ. 120 ಇದ್ದರೂ ನಿಮ್ಮ ಕೆಲಸಕ್ಕೆ ಸಾಕು. ಈಗಿನ ಎಷ್ಟೋ ಸಾಧಾರಣ ಮೊಬೈಲಿನಲ್ಲೂ 120 ಇರುತ್ತೆ, ಸೆಟ್ಟಿಂಗ್ಸಿನಲ್ಲಿ ಹುಡುಕಿ.

ಆದರೆ ಸೆಕೆಂಡಿಗೆ 240 ಚಿತ್ರ ತೆಗೀಬೇಕಾದರೆ ಒಂದೊಂದು ಚಿತ್ರಕ್ಕೂ ಸಿಗೋ ಬೆಳಕು ಕಡಿಮೆ. ಅದಕ್ಕೇ ಕತ್ತಲೆ. ಪಟ್ಟೆ ಬರೋದಕ್ಕೆ ಕಾರಣ ನಿಮ್ಮ ಲೈಟುಗಳು. ನಮ್ಮ ಮನೆ, ಮೈದಾನಕ್ಕೆ ಬರೋ ಕರೆಂಟು 50 ಹರ್ಟ್ಜಿನದು. ಅದರಲ್ಲಿ ಉರಿಯುವ ಎಷ್ಟೋ ದೀಪಗಳು ಸೆಕೆಂಡಿಗೆ ನೂರು ಸಲ ಮಿನುಗುತ್ತವೆ. ನಮ್ಮ ಕಣ್ಣಿಗೆ ಗೊತ್ತಾಗಲ್ಲ, ಸ್ಲೋ ಮೋಷನ್ನಿಗೆ ಗೊತ್ತಾಗುತ್ತೆ. ಇದಕ್ಕೆ ಔಷಧಿ ಒಂದೇ: ಅಭ್ಯಾಸದ ವಿಡಿಯೋ ಬೆಳಗ್ಗೆ ಏಳೆಂಟು ಗಂಟೆಗೆ ಮಾಡಿ. ಬಿಸಿಲು ಮೊಬೈಲ್ ಹಿಡಿದವನ ಬೆನ್ನಿಗಿರಲಿ. ಪಂದ್ಯ ರಾತ್ರಿ ಆಡಿ, ಬೇಡ ಅಂದವರು ಯಾರು.

ಇನ್ನೊಂದು ಮಾತು. ಸ್ಪೈಕ್ ನೋಡುವಾಗ ಎಲ್ಲರೂ ಕೈ ನೋಡ್ತಾರೆ. ನೀವು ಮೊದಲು ಕಾಲು ನೋಡಿ. ಕೊನೆಯ ಎರಡು ಹೆಜ್ಜೆ ಚೆಂಡಿನ ಕೆಳಗೆ ಹೋಗಿಬಿಟ್ಟಿದ್ದರೆ ಕೈ ಎಷ್ಟು ಬಲವಾಗಿ ಬೀಸಿದರೂ ಚೆಂಡು ಮೇಲಕ್ಕೇ ಹೋಗುತ್ತೆ. ಚೆಂಡು ಮೈಗಿಂತ ಸ್ವಲ್ಪ ಮುಂದಿರಬೇಕು. ಮತ್ತೆ, ಸ್ಲೋ ಮೋಷನ್ನನ್ನೇ ನೋಡುತ್ತ ಕೂರಬೇಡಿ. ಮೊದಲು ಮಾಮೂಲಿ ವೇಗದಲ್ಲಿ ಒಮ್ಮೆ ನೋಡಿ, ಆಮೇಲೆ ನಿಧಾನಕ್ಕೆ, ಮತ್ತೆ ಮಾಮೂಲಿ ವೇಗಕ್ಕೆ ಬನ್ನಿ. ನಿಧಾನದಲ್ಲಿ ಭಂಗಿ ಕಾಣುತ್ತೆ, ಲಯ ಕಾಣಲ್ಲ. ಸ್ಪೈಕ್ ಅನ್ನೋದು ಅರ್ಧಕ್ಕರ್ಧ ಲಯ.

ಮಗಳು 8ನೇ ತರಗತಿ. ವೇಗದ ಬೌಲಿಂಗ್ ಹುಚ್ಚು. ದಿನಾ ರಾತ್ರಿ ಬೂಮ್ರಾ ಬೌಲಿಂಗ್ ವಿಡಿಯೋ ಹಾಕಿ ತೋರಿಸುತ್ತೇನೆ. ಈಗ ಥೇಟ್ ಅವನ ಹಾಗೇ ಕೈ ಚಾಚಿ ಓಡುತ್ತಾಳೆ. ಆದರೆ ಚೆಂಡು ಎಲ್ಲೆಲ್ಲೋ ಹೋಗುತ್ತದೆ. ಜೊತೆಗೆ ಸೊಂಟ ನೋವು ಅನ್ನುತ್ತಿದ್ದಾಳೆ.
— ತಂದೆ, ದಾವಣಗೆರೆ

ಮೊದಲು ಸೊಂಟ ನೋವಿನ ವಿಷಯ. ಬೆಳೆಯುವ ವಯಸ್ಸಿನ ವೇಗದ ಬೌಲರುಗಳಿಗೆ ಬೆನ್ನಿನ ಕೆಳಭಾಗದ ಮೂಳೆಯಲ್ಲಿ ಬಿರುಕು ಬರೋದು ಉಂಟು. ಬೌಲಿಂಗ್ ಇವತ್ತೇ ನಿಲ್ಲಿಸಿ ಮೂಳೆ ಡಾಕ್ಟರಿಗೆ ತೋರಿಸಿ. ಅವರು ಸರಿ ಅನ್ನೋವರೆಗೆ ಉಳಿದದ್ದು ಬೇಡ.

ಬೂಮ್ರಾ ದೊಡ್ಡ ಬೌಲರ್, ಎರಡು ಮಾತಿಲ್ಲ. ಆದರೆ ನೋಡಿ ಕಲಿಯೋಕೆ ಎಲ್ಲರಿಗಿಂತ ಕಷ್ಟದ ಬೌಲರ್ ಅವರೇ. ಅವರ ಮೊಣಕೈ ಸಾಮಾನ್ಯ ಜನರದ್ದಕ್ಕಿಂತ ಹೆಚ್ಚು ಹಿಂದಕ್ಕೆ ಬಾಗುತ್ತೆ. ಅದು ಹುಟ್ಟಿನಿಂದ ಬಂದ ಮೈಕಟ್ಟು. ಚಿಕ್ಕ ರನ್ನಪ್ಪಿನಲ್ಲಿ ಅಷ್ಟು ವೇಗ ತೆಗೆಯೋಕೆ ಮೈ ಮೇಲೆ ಎಷ್ಟು ಭಾರ ಬೀಳುತ್ತೆ ಅಂತ ಯೋಚಿಸಿ. ಅವರೇ ಬೆನ್ನುನೋವಿನಿಂದ 2022-23ರಲ್ಲಿ ತಿಂಗಳುಗಟ್ಟಲೆ ಹೊರಗಿದ್ದರು. ನಿಮ್ಮ ಮಗಳು ನಕಲು ಮಾಡಿದ್ದು ಎದ್ದು ಕಾಣೋ ಭಾಗವನ್ನು, ಅಂದರೆ ಆ ಚಾಚಿದ ಕೈಯನ್ನು. ಚೆಂಡನ್ನು ನೇರ ಕಳಿಸೋದು ಮಣಿಕಟ್ಟು, ಮುಂಗಾಲು. ಅವು ಟಿ.ವಿ. ವಿಡಿಯೋದಲ್ಲಿ ಅಷ್ಟಾಗಿ ಕಾಣಲ್ಲ.

ಹಾಗಂತ ವಿಡಿಯೋ ನೋಡಿ ಕಲಿಯೋಕಾಗಲ್ಲ ಅಂತ ನಾನು ಹೇಳಲ್ಲ. ಕೀನ್ಯಾದ ಜೂಲಿಯಸ್ ಯೆಗೋ ಕೇಳಿದ್ದೀರಾ? ಓಟಗಾರರ ದೇಶದಲ್ಲಿ ಜಾವೆಲಿನ್ ಹಿಡಿದವರು. ಕಲಿಸೋರು ಇಲ್ಲ ಅಂತ ಯೂಟ್ಯೂಬಿನಲ್ಲಿ ದೊಡ್ಡ ಎಸೆತಗಾರರ ವಿಡಿಯೋ ನೋಡಿ ಅಭ್ಯಾಸ ಮಾಡಿದರು. 2015ರಲ್ಲಿ ಬೀಜಿಂಗಿನ ವಿಶ್ವ ಚಾಂಪಿಯನ್‌ಷಿಪ್ಪಿನಲ್ಲಿ 92.72 ಮೀಟರ್ ಎಸೆದು ಚಿನ್ನ ಗೆದ್ದರು. ಮರುವರ್ಷ ರಿಯೋ ಒಲಿಂಪಿಕ್ಸಿನಲ್ಲಿ ಬೆಳ್ಳಿ. ಪತ್ರಿಕೆಗಳು ಅವರನ್ನು "ಮಿಸ್ಟರ್ ಯೂಟ್ಯೂಬ್" ಅಂತಲೇ ಕರೆದವು. ಈ ಕಥೆಯನ್ನು ವಾಟ್ಸಾಪಿನಲ್ಲಿ ಕಳಿಸುವವರು ಅದರ ಅರ್ಧ ಭಾಗವನ್ನು ಬಿಟ್ಟುಬಿಡ್ತಾರೆ. ಆ ಪದಕಗಳಿಗೂ ಮೊದಲೇ ಯೆಗೋ ಫಿನ್ಲೆಂಡಿನ ಕುವೊರ್ತಾನೆಗೆ ಹೋಗಿ ಅಲ್ಲಿ ಕೋಚ್ ಹತ್ತಿರ ತರಬೇತಿ ಪಡೆದರು. ವಿಡಿಯೋ ಅವರನ್ನು ಬಾಗಿಲವರೆಗೆ ತಂದಿತು. ಇನ್ನೊಂದು ವಿಷಯ, ಅವರು ಆಗ ದೊಡ್ಡವರು. ಏನು ನೋಡಬೇಕು ಅಂತ ಹುಡುಕಿಕೊಂಡು ನೋಡೋ ವಯಸ್ಸು.

ಮಗಳಿಗೆ ತೋರಿಸಲೇಬೇಕಾದರೆ ಹೀಗೆ ಮಾಡಿ. ನಿಮ್ಮ ಊರಿನ ಕ್ಲಬ್ಬಿನಲ್ಲೇ ಅವಳಿಗಿಂತ ಎರಡು ವರ್ಷ ದೊಡ್ಡವಳಾದ, ಸರಾಗವಾಗಿ ಬೌಲ್ ಮಾಡುವ ಹುಡುಗಿ ಇರ್ತಾಳೆ. ಅವಳು ಮತ್ತು ಅವಳ ಮನೆಯವರು ಒಪ್ಪಿದರೆ ಅವಳ ವಿಡಿಯೋ ತೋರಿಸಿ. "ಇವಳಿಗೆ ಆಗುತ್ತೆ ಅಂದ್ರೆ ನನಗೂ ಆಗುತ್ತೆ" ಅನ್ನೋ ಧೈರ್ಯ ಸ್ಟಾರ್ ಬೌಲರನ್ನು ನೋಡಿದರೆ ಬರಲ್ಲ. ಮಗಳದ್ದೇ ಹತ್ತು ಚೆಂಡು ವಿಡಿಯೋ ಮಾಡಿ, ಅದರಲ್ಲಿ ಸ್ಟಂಪಿಗೆ ಹೋದ ಎರಡನ್ನು ಮಾತ್ರ ಇಟ್ಟುಕೊಂಡು ಉಳಿದದ್ದು ಅಳಿಸಿಬಿಡಿ. ಮಲಗೋ ಮುಂಚೆ ಆ ಎರಡನ್ನು ತೋರಿಸಿ. ತಾನು ಚೆನ್ನಾಗಿ ಮಾಡಿದ್ದನ್ನು ನೋಡೋದೂ ಒಂದು ಪಾಠವೇ. ನಮ್ಮವರು ವಿಡಿಯೋ ಅಂದರೆ ತಪ್ಪು ಹುಡುಕೋ ಯಂತ್ರ ಅಂದುಕೊಂಡಿದ್ದಾರೆ.

ನಾನು 9ನೇ ತರಗತಿ. ಹೈಜಂಪ್ ಮಾಡುತ್ತೇನೆ. ಮೊಬೈಲ್ ನೋಡಿ ಬೆನ್ನು ಹಿಂದೆ ಮಾಡಿ ಹಾರೋದು ಕಲಿಯುತ್ತಿದ್ದೇನೆ. ನಮ್ಮ ಶಾಲೆಯಲ್ಲಿ ಮರಳಿನ ಪಿಟ್ ಇದೆ. ಮ್ಯಾಟ್ ಇಲ್ಲ. ಹೇಗೆ ಬೀಳಬೇಕು ಹೇಳಿಕೊಡಿ ಮಿಸ್.
— ವಿದ್ಯಾರ್ಥಿ, ಶಿರಸಿ

ಬೇಡ ಮಗಾ. ಮರಳಿನ ಮೇಲೆ ಫಾಸ್ಬರಿ ಫ್ಲಾಪ್ ಮಾಡಲೇಬೇಡ. ಹೇಗೆ ಬಿದ್ದರೆ ಸರಿ ಅನ್ನೋ ಪ್ರಶ್ನೆಯೇ ಇಲ್ಲ, ಅದರಲ್ಲಿ ಬೀಳೋದು ಬೆನ್ನಿನ ಮೇಲ್ಭಾಗ, ಕುತ್ತಿಗೆ ಮೇಲೆ. ಡಿಕ್ ಫಾಸ್ಬರಿ 1968ರ ಮೆಕ್ಸಿಕೊ ಒಲಿಂಪಿಕ್ಸಿನಲ್ಲಿ 2.24 ಮೀಟರ್ ಹಾರಿ ಚಿನ್ನ ಗೆದ್ದಾಗ ಅವರು ಬಿದ್ದದ್ದು ದಪ್ಪ ಫೋಮಿನ ಮೇಲೆ. ಮರಳು, ಮರದ ಪುಡಿಯ ಬದಲು ಫೋಮ್ ಬಂದಿದ್ದಕ್ಕೇ ಆ ಶೈಲಿ ಬದುಕಿತು. ನೀನು ನೋಡಿದ ವಿಡಿಯೋದಲ್ಲಿ ಹಾರೋನು ತೆರೆ ತುಂಬ ಕಾಣ್ತಾನೆ, ಕೆಳಗಿನ ಮ್ಯಾಟ್ ಮೇಲೆ ಯಾರಿಗೂ ಕಣ್ಣು ಹೋಗಲ್ಲ.

ಮ್ಯಾಟ್ ಸಿಗೋವರೆಗೆ ಸಿಸರ್ಸ್ ಮಾಡು, ಅಂದರೆ ಕತ್ತರಿಯ ಹಾಗೆ ಒಂದೊಂದೇ ಕಾಲನ್ನು ಕೋಲಿನಾಚೆ ದಾಟಿಸೋದು. ಕಾಲ ಮೇಲೆ ಬೀಳ್ತೀಯ. ನಿನ್ನ ಗೆಳೆಯನಿಗೆ ಪಕ್ಕದಿಂದ ವಿಡಿಯೋ ಮಾಡೋಕೆ ಹೇಳು. ಕೋಲಿಗೆ ತೀರಾ ಹತ್ತಿರ ಬಂದು ಕಾಲೂರ್ತಿದ್ದೀಯಾ ನೋಡಿಕೋ. ಒಂದು ತೋಳಿನಷ್ಟು ದೂರ ಇರಬೇಕು. ಈ ಪತ್ರವನ್ನು ನಿಮ್ಮ ಪಿ.ಟಿ. ಮೇಷ್ಟ್ರಿಗೂ ತೋರಿಸು.

ನಾನು ಪಿ.ಯು. ವಿದ್ಯಾರ್ಥಿನಿ. ಖೋಖೋ ಆಡುತ್ತೇನೆ. ನಮ್ಮ ಕೋಚ್ ಎಲ್ಲರದ್ದೂ ವಿಡಿಯೋ ಮಾಡಿ ತಂಡದ ವಾಟ್ಸಾಪ್ ಗುಂಪಿಗೆ ಹಾಕುತ್ತಾರೆ. ನಾನು ಪೋಲ್ ಡೈವ್ ಮಾಡಿ ಬಿದ್ದದ್ದನ್ನು ಯಾರೋ ಸ್ಟೇಟಸ್ಸಿಗೆ ಹಾಕಿಕೊಂಡು ನಗಾಡಿದರು. ಈಗ ಮೊಬೈಲ್ ಕಂಡರೆ ಡೈವ್ ಮಾಡೋಕೇ ಭಯ. ಬೇಡ ಅಂದರೆ ತಂಡದಿಂದ ತೆಗೆಯುತ್ತಾರಾ?
— ಹೆಸರು, ಊರು ಬೇಡ

ನಿನ್ನ ಊರು ಹಾಕಿಲ್ಲ ಪುಟ್ಟಿ, ಧೈರ್ಯವಾಗಿರು.

ಬೇಡ ಅನ್ನೋ ಹಕ್ಕು ನಿನಗಿದೆ. ನಿನ್ನ ಕೋಚ್ ಕೆಟ್ಟವರು ಅಂತ ನನಗನಿಸಲ್ಲ, ಅವರಿಗೆ ಗುಂಪಿಗೆ ಹಾಕೋದು ಸುಲಭ, ಅಷ್ಟೇ. ಆದರೆ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲಿ 18 ತುಂಬದವರೆಲ್ಲ ಮಕ್ಕಳೇ. ಮಕ್ಕಳ ಮಾಹಿತಿ ಬಳಸಲು ತಂದೆ ತಾಯಿ ಅಥವಾ ಪೋಷಕರ ಒಪ್ಪಿಗೆ ಬೇಕು ಅನ್ನೋದು ಅದರ ಆಶಯ. ಕಾನೂನಿನ ಮಾತು ಬಿಡು, ಇದು ಮರ್ಯಾದೆಯ ಮಾತು. ಓಡುವಾಗ, ಬೀಳುವಾಗ ಬಟ್ಟೆ ಹೇಗಿರುತ್ತೆ, ಮೈ ಹೇಗೆ ಕಾಣುತ್ತೆ ಅಂತ ಯೋಚಿಸುತ್ತ ಯಾವ ಹುಡುಗಿಯೂ ಡೈವ್ ಕಲಿಯಲ್ಲ.

ಕೋಚ್ ಹತ್ತಿರ ಒಬ್ಬಳೇ ಹೋಗಬೇಡ, ತಂಡದ ನಾಯಕಿಯನ್ನೋ ಅಮ್ಮನನ್ನೋ ಕರಕೊಂಡು ಹೋಗು. "ಸಾರ್, ನನ್ನ ಡೈವ್ ನನ್ನ ಮೊಬೈಲಿನಲ್ಲೇ ತೆಗೀರಿ, ನೋಡಿ ಆದ ಮೇಲೆ ನಾನೇ ಅಳಿಸ್ತೀನಿ" ಅಂತ ಹೇಳು. ಒಪ್ಪದಿದ್ದರೆ ಪ್ರಿನ್ಸಿಪಾಲರ ಕಿವಿಗೆ ಹಾಕಿ.

ಕೋಚ್‌ಗಳಿಗೆ ನನ್ನದೊಂದು ಮಾತು. ನಾನು ಇಟ್ಟುಕೊಂಡಿದ್ದ ಕ್ರಮ ಇದು: ವಿಡಿಯೋ ಯಾರದ್ದೋ ಅವರಿಗೆ ಮಾತ್ರ ತೋರಿಸೋದು, ಅವತ್ತಿನ ಅಭ್ಯಾಸ ಮುಗಿದ ಮೇಲೆ ಅಳಿಸೋದು. ಗುಂಪಿಗೆ ಹಾಕಲೇಬಾರದು. ಹುಡುಗಿಯರನ್ನು ಹುಡುಗಿಯರೇ ಚಿತ್ರಿಸಲಿ. ಹಿಂದಿನಿಂದ ತೆಗೆಯೋದು ಬೇಡ. ಡೈವಿಗೆ ಪಕ್ಕದ ನೋಟವೇ ಬೇಕು, ಪೋಲ್ ಹಿಡಿದ ಕೈ, ಊರಿದ ಕಾಲು, ಚಾಚಿದ ಕೈ ಮೂರೂ ಅಲ್ಲೇ ಕಾಣೋದು. ಮಕ್ಕಳ ಬೀಳುವಿಕೆಯನ್ನು ರೀಲ್ಸ್ ಮಾಡಿ ಲೈಕ್ ಎಣಿಸುವವರಿಗೆ ಸೀಟಿ ಕೊಟ್ಟವರು ಯಾರೋ ನಾ ಕಾಣೆ.

ನಾವು ಮಸ್ಕತ್‌ನಲ್ಲಿದ್ದೇವೆ. ಮಗಳು ಮೈಸೂರಿನ ಗುರುಗಳ ಹತ್ತಿರ ವಿಡಿಯೋ ಕರೆಯಲ್ಲಿ ಭರತನಾಟ್ಯ ಕಲಿಯುತ್ತಾಳೆ. ತಾಳ ತಪ್ಪುತ್ತಾಳೆ, ಅರೆಮಂಡಿ (ಮಂಡಿ ಮಡಿಸಿ ಅರ್ಧ ಕೂತ ಭಂಗಿ) ಕೂರಲ್ಲ ಎಂದು ಗುರುಗಳು ಪ್ರತಿ ಸಲ ಹೇಳುತ್ತಾರೆ. ನನ್ನ ಕಣ್ಣಿಗೆ ಸರಿಯಾಗೇ ಕಾಣುತ್ತದೆ. ಎಡ ಬಲ ಕೂಡ ಅದಲು ಬದಲು ಮಾಡುತ್ತಾಳೆ. ನೃತ್ಯಕ್ಕೂ ನಿಮ್ಮ ಸಲಹೆ ನಡೆಯುತ್ತದಾ?
— ಒಬ್ಬ ತಾಯಿ

ನೃತ್ಯ ನಂಗೆ ಬರಲ್ಲ ತಾಯಿ, ಅದರ ಗುಣದೋಷ ಗುರುಗಳಿಗೇ ಬಿಟ್ಟದ್ದು. ಕ್ಯಾಮೆರಾದ ವಿಷಯ ಹೇಳ್ತೀನಿ.

ತಾಳ ತಪ್ಪುತ್ತಿರೋದು ಮಗಳಲ್ಲ, ಇಂಟರ್‌ನೆಟ್ ಇರಬಹುದು. ಗುರುಗಳು ಅಲ್ಲಿ ತಟ್ಟುಕಳಿ, ಅಂದರೆ ತಾಳದ ಕೋಲು, ಹೊಡೆದ ಸದ್ದು ನಿಮ್ಮ ಮನೆಗೆ ಸ್ವಲ್ಪ ತಡವಾಗಿ ಬರುತ್ತೆ. ಮಗಳು ಅದಕ್ಕೆ ಸರಿಯಾಗಿ ಹೆಜ್ಜೆ ಹಾಕಿದರೂ, ಆ ಚಿತ್ರ ಮತ್ತೆ ಮೈಸೂರಿಗೆ ಹೋಗೋಕೆ ಇನ್ನಷ್ಟು ತಡ. ಎರಡೂ ಕಡೆಯ ತಡ ಸೇರಿ ಗುರುಗಳಿಗೆ ಅವಳು ಹಿಂದೆ ಬಿದ್ದ ಹಾಗೇ ಕಾಣುತ್ತೆ. ಆದ್ದರಿಂದ ತಾಳದ ಪರೀಕ್ಷೆ ಕರೆಯಲ್ಲಿ ಬೇಡ. ಗುರುಗಳು ಸೊಲ್ಲುಕಟ್ಟು, ಅಂದರೆ ಹೆಜ್ಜೆಗೆ ಹೇಳೋ ತಾಳದ ನುಡಿ, ರೆಕಾರ್ಡ್ ಮಾಡಿ ಕಳಿಸಲಿ. ನೀವು ಅದನ್ನು ಮನೆಯಲ್ಲೇ ಹಾಕಿ, ಮಗಳು ಅದಕ್ಕೆ ಕುಣಿದದ್ದನ್ನು ಬೇರೆ ಮೊಬೈಲಿನಲ್ಲಿ ವಿಡಿಯೋ ಮಾಡಿ ಕಳಿಸಿ. ಅದರಲ್ಲಿ ಸದ್ದು, ಹೆಜ್ಜೆ ಒಂದೇ ಕೋಣೆಯವು. ಆಗಲೂ ತಪ್ಪಿದ್ದರೆ ಅದು ಮಗಳದ್ದೇ.

ಅರೆಮಂಡಿ ಎದುರಿನಿಂದ ನೋಡಿದರೆ ಮಂಡಿ ಎರಡೂ ಪಕ್ಕಕ್ಕೆ ತೆರೆದಿದೆಯಾ ಅಂತ ಮಾತ್ರ ಗೊತ್ತಾಗುತ್ತೆ. ಸೊಂಟ ಹಿಂದಕ್ಕೆ ಚಾಚಿದೆಯಾ, ಎದೆ ಮುಂದಕ್ಕೆ ಬಿದ್ದಿದೆಯಾ ಅನ್ನೋದು ಪಕ್ಕದಿಂದಲೇ ಕಾಣಬೇಕು. ಒಂದು ಸಲ ಪಕ್ಕದಿಂದ ತೆಗೆದು ನೋಡಿ, ಗುರುಗಳು ಹೇಳೋದು ನಿಮ್ಮ ಕಣ್ಣಿಗೂ ಬೀಳಬಹುದು. ಮೊಬೈಲನ್ನು ನೆಲದ ಮೇಲೆ ಗೋಡೆಗೆ ಒರಗಿಸಿ ಇಡ್ತೀರಾ? ಸ್ಟೂಲಿನ ಮೇಲೆ ಅವಳ ಸೊಂಟದ ಎತ್ತರಕ್ಕೆ ಇಡಿ.

ಎಡ ಬಲದ ಗೊಂದಲಕ್ಕೆ ಗುರುಗಳನ್ನೇ ಒಂದು ಕೇಳಿಕೊಳ್ಳಿ. ಹೊಸ ಅಡವು (ಹೆಜ್ಜೆಯ ಪಾಠ) ಹೇಳಿಕೊಡುವಾಗ ಕ್ಯಾಮೆರಾಕ್ಕೆ ಬೆನ್ನು ಹಾಕಿ ಒಮ್ಮೆ ಮಾಡಿ ತೋರಿಸಲಿ. ಅವರ ಬಲ ಅವಳ ಬಲಕ್ಕೇ ಬರುತ್ತೆ. ಹಾಗೆ ಬೆನ್ನು ಹಾಕೋಕೆ ಗುರುಗಳಿಗೆ ಸಂಕೋಚ ಅನಿಸಿದರೂ ಮಕ್ಕಳಿಗೆ ಇದರಿಂದ ತುಂಬ ಸುಲಭ. ಸೆಲ್ಫಿ ಕ್ಯಾಮೆರಾದಲ್ಲಿ ನಮ್ಮ ಚಿತ್ರ ನಮಗೆ ಕನ್ನಡಿಯ ಹಾಗೆ ಕಾಣುತ್ತೆ, ಎದುರಿನವರಿಗೆ ಹಾಗಲ್ಲ. ಮಗಳು ತನ್ನ ಚಿತ್ರವನ್ನೂ ಗುರುಗಳ ಚಿತ್ರವನ್ನೂ ಒಟ್ಟಿಗೆ ನೋಡಿ ತಬ್ಬಿಬ್ಬಾಗ್ತಿರಬಹುದು. ತನ್ನ ಚಿತ್ರವನ್ನು ಮರೆಮಾಡುವ ಸೌಲಭ್ಯ ನಿಮ್ಮ ಆ್ಯಪಿನಲ್ಲಿದ್ದರೆ ಬಳಸಿ.

ಹೊಲಿಗೆ ತರಗತಿ ನಡೆಸುತ್ತೇನೆ. ಕಾಲರ್ ಹೊಲಿಯೋದನ್ನು ವಿಡಿಯೋ ಮಾಡಿ ಕೊಟ್ಟರೂ ಹುಡುಗಿಯರಿಗೆ ಅರ್ಥವಾಗುತ್ತಿಲ್ಲ.
— ಇಳಕಲ್

ಮಿಷನ್ನಿನ ಎದುರು ಮೊಬೈಲ್ ಇಟ್ಟಿರ್ತೀರಿ, ಅಲ್ವಾ? ಹೊಲಿಯೋಳು ತನ್ನ ಕೈಯನ್ನು ಆ ಕಡೆಯಿಂದ ಯಾವತ್ತೂ ನೋಡಲ್ಲ. ನಿಮ್ಮ ಭುಜದ ಮೇಲಿಂದ, ನಿಮ್ಮ ಕಣ್ಣಿಗೆ ಕಾಣೋ ಹಾಗೇ ತೆಗೆಯಿರಿ. ಇಡೀ ಕಾಲರ್ ಒಂದೇ ವಿಡಿಯೋದಲ್ಲಿ ಬೇಡ. ಮೂಲೆ ತಿರುಗಿಸೋದು ಒಂದು ತುಣುಕು, ಪಟ್ಟಿ ಕೂರಿಸೋದು ಇನ್ನೊಂದು. ಅರ್ಧ ನಿಮಿಷದ್ದು ಸಾಕು, ಸೂಜಿ ನಿಲ್ಲಿಸಿ ಮತ್ತೆ ಮತ್ತೆ ನೋಡಿಕೊಳ್ತಾರೆ. ತುಣುಕಿನಲ್ಲಿ ಮಾತಾಡುತ್ತಾ ಹೊಲಿಯಿರಿ, ಹಾಡು ಹಾಕಬೇಡಿ.

ನಾನು ಕ್ರಿಕೆಟ್ ಕೋಚ್. ಕಂಪ್ಯೂಟರಿನಲ್ಲಿ ಕಿನೋವಿಯಾ ಹಾಕಿಕೊಂಡಿದ್ದೇನೆ. ನಮ್ಮ ಆಫ್ ಸ್ಪಿನ್ನರ್ ಹುಡುಗನ ಮೊಣಕೈ ಕೋನ ಅಳೆದೆ. ನಿಯಮ ಒಪ್ಪುವ 15 ಡಿಗ್ರಿಗಿಂತ ಜಾಸ್ತಿ ಬರುತ್ತಿದೆ. ಬೌಲಿಂಗ್ ಬಿಡಿಸಬೇಕಾ?
— ಹುಬ್ಬಳ್ಳಿ

ಅವಸರ ಬೇಡ ಸಾರ್. ಕಿನೋವಿಯಾ ಒಳ್ಳೆಯ ತಂತ್ರಾಂಶ, ಉಚಿತ. ವಿಂಡೋಸ್ ಇದ್ದರೆ ಸಾಕು. ನಾನೂ ಬಳಸಿದ್ದೇನೆ. ಆದರೆ ಅದು ಅಳೆಯೋದು ಪರದೆ ಮೇಲಿನ ಗೆರೆಗಳ ಕೋನವನ್ನು. ಬೌಲಿಂಗಿನಲ್ಲಿ ತೋಳು ಸುತ್ತುತ್ತೆ, ಜೊತೆಗೆ ತನ್ನ ಸುತ್ತ ತಾನೂ ತಿರುಗುತ್ತೆ. ಒಂದೇ ಕ್ಯಾಮೆರಾದಿಂದ ನೋಡಿದಾಗ ನೆಟ್ಟಗಿರೋ ಕೈ ಬಾಗಿದ ಹಾಗೂ, ಬಾಗಿದ ಕೈ ನೆಟ್ಟಗಾದ ಹಾಗೂ ಕಾಣಬಹುದು. ಶ್ರೀಲಂಕಾದ ಸ್ಪಿನ್ನರ್ ಮುತ್ತಯ್ಯ ಮುರಳೀಧರನ್ ವಿಷಯದಲ್ಲಿ ಆದದ್ದು ಇದೇ. 1995ರ ಮೆಲ್ಬರ್ನ್ ಟೆಸ್ಟಿನಲ್ಲಿ ಅಂಪೈರ್ ಕಣ್ಣಿಗೆ ಅದು ಬೌಲಿಂಗ್ ಅಲ್ಲ, ಮೊಣಕೈ ನೇರ ಮಾಡಿ ಎಸೆಯೋ ತಪ್ಪು, ಅಂದರೆ "ಚಕ್" ಆಗಿ ಕಂಡಿತು. ಆಮೇಲೆ ಆಸ್ಟ್ರೇಲಿಯಾದಲ್ಲೇ ಪ್ರಯೋಗಾಲಯದಲ್ಲಿ ಪರೀಕ್ಷೆ ಮಾಡಿದಾಗ, ಹುಟ್ಟಿನಿಂದಲೇ ಪೂರ್ತಿ ನೇರವಾಗದ ಮೊಣಕೈ ಎಸೆದ ಹಾಗೆ ಭ್ರಮೆ ಹುಟ್ಟಿಸುತ್ತಿದೆ ಅಂದರು.

ಇನ್ನೂ ಒಂದು. ಆ 15 ಡಿಗ್ರಿ ಅನ್ನೋದು ಕೈ ಎಷ್ಟು ಬಾಗಿದೆ ಅನ್ನೋ ಲೆಕ್ಕವಲ್ಲ. ತೋಳು ಭುಜದ ಮಟ್ಟಕ್ಕೆ ಬಂದಾಗಿನಿಂದ ಚೆಂಡು ಬಿಡೋವರೆಗೆ ಮೊಣಕೈ ಎಷ್ಟು ನೇರವಾಯಿತು ಅನ್ನೋ ವ್ಯತ್ಯಾಸ. ಮೊದಲಿಂದ ಕೊನೆವರೆಗೆ 20 ಡಿಗ್ರಿ ಬಾಗಿಯೇ ಇದ್ದರೆ ತಪ್ಪಿಲ್ಲ. ನೀವು ಒಂದೇ ಚಿತ್ರ ನಿಲ್ಲಿಸಿ ಅಳೆದಿದ್ದರೆ ಆ ಅಂಕಿಯನ್ನು ಮರೆತುಬಿಡಿ. ಅಧಿಕೃತ ಪರೀಕ್ಷೆಯಲ್ಲಿ ಮೈಗೆ ಗುರುತು ಅಂಟಿಸಿ ಸುತ್ತಲೂ ಹತ್ತಾರು ಕ್ಯಾಮೆರಾ ಇಟ್ಟು ಅಳೀತಾರೆ. ಅಂತರರಾಷ್ಟ್ರೀಯ ಕ್ರಿಕೆಟ್ ಮಂಡಳಿಯ (ಐ.ಸಿ.ಸಿ.) ಮಾನ್ಯತೆ ಪಡೆದ ಅಂಥ ಕೇಂದ್ರ ಚೆನ್ನೈನ ಶ್ರೀ ರಾಮಚಂದ್ರ ಸಂಸ್ಥೆಯಲ್ಲಿದೆ. ಹುಡುಗ ಆ ಮಟ್ಟಕ್ಕೆ ಹೋಗೋ ಹಾಗಿದ್ದರೆ ಆಗ ನೋಡೋಣ. ಸದ್ಯಕ್ಕೆ ಎದುರಿಂದ, ಪಕ್ಕದಿಂದ, ಹಿಂದಿನಿಂದ ಮೂರು ವಿಡಿಯೋ ಮಾಡಿ, ರಾಜ್ಯ ಸಂಸ್ಥೆಯ ಅನುಭವಿ ಕೋಚ್ ಯಾರಿಗಾದರೂ ತೋರಿಸಿ. ಅಲ್ಲಿಯವರೆಗೆ "ನೀನು ಚಕ್ ಮಾಡ್ತೀಯ" ಅನ್ನೋ ಮಾತು ಹುಡುಗನ ಕಿವಿಗೆ ಬೀಳದ ಹಾಗೆ ನೋಡಿಕೊಳ್ಳಿ.

ಮಂಡಿ ನೋವಿನವರು, ರಾಗಿ ಮುದ್ದೆ ತಿಂದು ಓಡಬಹುದಾ ಅಂತ ಕೇಳಿದವರು ಮುಂದಿನ ತಿಂಗಳು ನೋಡಿ.